ಮಗಳ ಮಾತು ತುಂಡಾದದ್ದೆಲ್ಲಿ?

ಮಗಳು ಜರ್ಮನಿಯಲ್ಲಿ, ನಾವು ಹೊಳೆನರಸೀಪುರದಲ್ಲಿ. ರಾತ್ರಿ ಎಂಟಕ್ಕೆ ವಿಡಿಯೋ ಕರೆ. ಅವಳಿಗೀಗ ಏಳು ತಿಂಗಳು. "ಊಟ ಸೇರ್ತಿದೆಯೇನೇ?" ಅಂದರೆ ಉತ್ತರವಿಲ್ಲ; ಮತ್ತೆ ಕೇಳುವಷ್ಟರಲ್ಲಿ ಅವಳ ಮಾತೂ ಬಂದು ಎರಡೂ ಡಿಕ್ಕಿ. "ನಾನು ಹೇಳೋದನ್ನ ನೀನು ಕೇಳೋದೇ ಇಲ್ಲಮ್ಮ" ಎಂದು ಒಂದು ದಿನ ಅತ್ತೇಬಿಟ್ಟಳು. ನಮ್ಮವರು ಇಂಟರ್ನೆಟ್ ಕಂಪನಿಯವರನ್ನು ಬೈದದ್ದೇ ಬೈದದ್ದು.

ಅರಕಲಗೂಡಿನಿಂದ ಬಂದಿದ್ದ ಅಕ್ಕನ ಮಗ, ಕರೆಯ ಹೊತ್ತಿಗೇ ಲ್ಯಾಪ್‌ಟಾಪಿನಲ್ಲಿ 'ಪಿಂಗ್' ಎಂಬ ಪರೀಕ್ಷೆ ಮಾಡಿದ. ಮಾತು, ಚಿತ್ರ ಎಲ್ಲಾ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತವಂತೆ. ಪೊಟ್ಟಣ ಕಳೆದರೆ ಮಾತು ತುಂಡು, ತಡವಾದರೆ ಡಿಕ್ಕಿ. ನಮ್ಮನೆಯ ರೌಟರಿಗೇ ಕಳಿಸಿದ ನೂರರಲ್ಲಿ ಇಪ್ಪತ್ತು ನಾಪತ್ತೆ! ವೈಫೈ ಬಿಟ್ಟು ಕೇಬಲ್ ಸಿಕ್ಕಿಸಿದರೆ ಒಂದೂ ಕಳೆಯಲಿಲ್ಲ.

"ಚಿಕ್ಕಮ್ಮ, ಕಳ್ಳ ಮನೆಯೊಳಗೇ ಇದಾನೆ" ಅಂದ.

ಯಾರು ಗೊತ್ತೇ? ನಮ್ಮವರ ಸಾರು ಬಿಸಿ ಮಾಡುತ್ತಿದ್ದ ಮೈಕ್ರೋವೇವ್! ಅದೂ ನಮ್ಮ ವೈಫೈಯೂ ಹೆಚ್ಚುಕಡಿಮೆ ಒಂದೇ 2.4 ಗಿಗಾಹರ್ಟ್ಸ್ ಅಲೆಯವು. ಸಾಲದ್ದಕ್ಕೆ, ನೋಡೋಕೆ ಚೆನ್ನಾಗಿರಲ್ಲ ಅಂತ ರೌಟರನ್ನು ಸ್ಟೀಲ್ ಬೀರುವಿನ ಹಿಂದೆ ಅಡಗಿಸಿಟ್ಟವಳು ನಾನೇ. ಹುಡುಗ ಅದನ್ನು ನಡುಮನೆಯ ಗೋಡೆಗೆ ಏರಿಸಿ, ಫೋನನ್ನು 5 ಗಿಗಾಹರ್ಟ್ಸಿಗೆ ಬದಲಾಯಿಸಿದ. ಅಷ್ಟು ದೂರದ ದಾರಿಗೆ ಸೆಕೆಂಡಿನ ಹತ್ತರಲ್ಲೊಂದೆರಡು ಪಾಲು ತಡ ಇದ್ದೇ ಇರುತ್ತದಂತೆ, ಇರಲಿ.

ಈಗ ಸಾರು ಗ್ಯಾಸಿನ ಮೇಲೆ. ನಿನ್ನೆ ಮಗಳ ಮಾತು ಪೂರ್ತಿ ಕೇಳಿಸಿತು. ಹೆರಿಗೆಗೆ ನಾನು ಅಲ್ಲಿಗೆ ಬರಬೇಕಂತೆ. ತಿಂಗಳಿಂದ ಅದನ್ನೇ ಹೇಳ್ತಿದ್ದಳಂತೆ.