ಹಂಪಿಗೆ ಹೊರಟ್ರಾ? ಮಗುವಿನ ಬ್ಯಾಗಲ್ಲೊಂದು ಕಥೆಪುಸ್ತಕ ಇರಲಿ

ಮೂರು ದಿನ ಸಾಲಾಗಿ ರಜೆ ಸಿಕ್ಕಿದರೆ ಸಾಕು, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹಂಪಿಯ ಮಾತು ಶುರುವಾಗುತ್ತೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಹೊಸಪೇಟೆ, ಅಲ್ಲಿಂದ ಹಂಪಿಗೆ ಸುಮಾರು 13 ಕಿ.ಮೀ. ರೂಮು, ಟಿಕೆಟ್ಟು, ಟೋಪಿ, ಚಕ್ಕುಲಿ ಡಬ್ಬ ಎಲ್ಲದಕ್ಕೂ ಲಿಸ್ಟ್ ಇರುತ್ತೆ. ಆದರೆ ಮಗು ಯಾವ ಕಥೆ ಗೊತ್ತಿಟ್ಟುಕೊಂಡು ಅಲ್ಲಿಗೆ ಹೋಗುತ್ತೆ ಅನ್ನೋದು ಯಾವ ಲಿಸ್ಟಲ್ಲೂ ಇರಲ್ಲ. ಅದಕ್ಕೇ ಎರಡನೇ ದೇವಸ್ಥಾನ ಬರುವಷ್ಟರಲ್ಲಿ "ಅಪ್ಪಾ, ಇಲ್ಲೂ ಬರೀ ಕಲ್ಲೇನಾ?" ಅನ್ನೋ ರಾಗ.

ಮಗು ಹೇಳೋದರಲ್ಲಿ ತಪ್ಪೇನಿಲ್ಲ. ಕಥೆ ಗೊತ್ತಿಲ್ಲದಿದ್ದರೆ ಅದು ಬರೀ ಕಲ್ಲೇ. ದೊಡ್ಡವರು ಫೋಟೋ ತೆಗೆದುಕೊಂಡು ಸಮಾಧಾನ ಮಾಡ್ಕೋತೀವಿ, ಮಕ್ಕಳಿಗೆ ಅದೂ ಸಾಲದು.

ಮೊದಲು ರಾಮಾಯಣ

ಹಂಪಿಗೆ ಹೋಗುವ ಮುಂಚೆ ಒಂದೇ ಪುಸ್ತಕ ಓದೋಕೆ ಟೈಮ್ ಇದ್ದರೆ, ಮಕ್ಕಳ ರಾಮಾಯಣ ಓದಿ. ಯಾವುದಾದರೂ ಸರಿ, ಚಿತ್ರ ಇದ್ದರೆ ಇನ್ನೂ ಒಳ್ಳೇದು. ಸುತ್ತಮುತ್ತಲಿನ ಜಾಗವನ್ನೇ ಜನ ಕಿಷ್ಕಿಂಧೆ ಅಂತ ನಂಬಿಕೊಂಡು ಬಂದಿದ್ದಾರೆ. ಹೊಳೆಯಾಚೆ ಆನೆಗೊಂದಿ ಕಡೆ ಅಂಜನಾದ್ರಿ, ಈಚೆ ಮಾತಂಗ ಪರ್ವತ. ವಾಲಿ ಸುಗ್ರೀವರ ಕಥೆ ಗೊತ್ತಿರುವ ಮಗುವಿಗೆ ಅಲ್ಲಿನ ಬಂಡೆಗಳ ಮೇಲೆ ಓಡಾಡುವ ಕೋತಿಗಳೂ ಪಾತ್ರಧಾರಿಗಳೇ.

ಆಮೇಲೆ ಹಜಾರರಾಮ ದೇವಸ್ಥಾನಕ್ಕೆ ಬನ್ನಿ. ಅದರ ಗೋಡೆಗಳ ಮೇಲೆ ರಾಮಾಯಣವನ್ನು ಚೌಕ ಚೌಕವಾಗಿ, ಸಾಲಾಗಿ ಕೆತ್ತಿದ್ದಾರೆ. ಥೇಟ್ ಕಾಮಿಕ್ಸ್ ಪುಸ್ತಕದ ಹಾಗೆ. "ಮಾರೀಚನ್ನ ಹುಡುಕು ನೋಡೋಣ" ಅಂತ ಮಗುವಿಗೆ ಬಿಟ್ಟುಬಿಡಿ, ನೀವು ನೆರಳಲ್ಲಿ ಕೂತ್ಕೊಳ್ಳಿ. ಹೊರಗಿನ ಪ್ರಾಕಾರದ ಗೋಡೆ ತುಂಬ ಆನೆ, ಕುದುರೆ, ಸೈನಿಕರು, ಕುಣಿಯುವ ಹೆಣ್ಣುಮಕ್ಕಳ ಮೆರವಣಿಗೆ ಇದೆ. ಐನೂರು ವರ್ಷ ಹಳೆಯ ಚಿತ್ರಪುಸ್ತಕ, ಪುಟ ತಿರುಗಿಸುವ ಬದಲು ನಾವೇ ನಡೀಬೇಕು ಅಷ್ಟೇ.

ಕಥೆ ಯಾವುದು, ಇತಿಹಾಸ ಯಾವುದು

ಎರಡನೇ ಪುಸ್ತಕ ತೆನಾಲಿ ರಾಮನದು. ಅಮರ ಚಿತ್ರಕಥೆ ಓದಿ ಬೆಳೆದವರು ನಮ್ಮಲ್ಲಿ ಎಷ್ಟು ಜನ! 1967ರಲ್ಲಿ ಆ ಮಾಲೆ ಶುರುಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅದರಲ್ಲಿ ತೆನಾಲಿ ರಾಮನ ಪುಸ್ತಕವೂ ಇದೆ. ಓದುವಾಗ ಒಂದು ಮಾತು ಸೇರಿಸಿ: ತೆನಾಲಿ ರಾಮಕೃಷ್ಣ ಅನ್ನೋ ತೆಲುಗು ಕವಿ ಇದ್ದದ್ದು ನಿಜ, ಬೆಕ್ಕಿಗೆ ಬಿಸಿಹಾಲು ಕುಡಿಸಿದ ಕಥೆ ಮಾತ್ರ ಜನ ಬಾಯಿಂದ ಬಾಯಿಗೆ ಕಟ್ಟಿದ್ದು. ಏಳೆಂಟು ವರ್ಷದ ಮಗುವಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥ ಆಗುತ್ತೆ.

ಮೂರನೆಯದು ಪುರಂದರದಾಸರ ಜೀವನ. ಮಗು ಸಂಗೀತ ಕ್ಲಾಸಿಗೆ ಹೋಗ್ತಿದ್ದರಂತೂ ಬಿಡಲೇಬೇಡಿ. ದಿನಾ ಮುಖ ಗಂಟಿಕ್ಕಿಕೊಂಡು ಹಾಡೋ ಸರಳೆ ವರಸೆಯನ್ನು ರೂಪಿಸಿದವರು ಅವರೇ ಅಂತ ಪರಂಪರೆ ಹೇಳುತ್ತೆ. ವಿಠ್ಠಲ ದೇವಸ್ಥಾನದ ಹತ್ತಿರ, ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪ ಇದೆ. ಅಲ್ಲಿ ಕೂತು ಒಂದು ಸಲ ಸರಿಗಮ ಹಾಡಿಸಿ ನೋಡಿ.

ಪುಸ್ತಕ ಸಿಗಲಿಲ್ಲ ಅನ್ನೋ ಹಾಗಿಲ್ಲ. ಊರಲ್ಲಿ ಅಜ್ಜಿಮನೆಯ ಅಟ್ಟ ಹುಡುಕಿದರೆ ರಾಷ್ಟ್ರೋತ್ಥಾನದ 'ಭಾರತ-ಭಾರತಿ' ಮಾಲೆಯ ಪುಟ್ಟ ಪುಸ್ತಕಗಳು ಸಿಕ್ಕರೂ ಸಿಗಬಹುದು. ಜೇಬಲ್ಲಿ ಹಿಡಿಸುವಷ್ಟೇ ಗಾತ್ರ, ಒಂದೊಂದರಲ್ಲೂ ಒಬ್ಬೊಬ್ಬ ಹಿರಿಯರ ಜೀವನ. ತೀರಾ ಚಿಕ್ಕ ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, ಕನ್ನಡ ಕಥೆಗಳು ಫೋನಿನಲ್ಲೇ ಪುಕ್ಕಟೆ. ಇಂಗ್ಲಿಷ್ ಮೀಡಿಯಂ ಮಗು, ಕನ್ನಡ ಓದೋಕೆ ಬರಲ್ಲ ಅಂತೀರಾ? ನಿಮಗೆ ಬರುತ್ತಲ್ಲ, ಗಟ್ಟಿಯಾಗಿ ಓದಿ ಹೇಳಿ. ನೀವು ಓದಿ ಹೇಳದಿದ್ದರೆ, ಹಂಪಿಯ ಕಥೆಯೂ ಆ ಮಗುವಿಗೆ ಗೂಗಲ್‌ನಲ್ಲಿ ಹುಡುಕುವ ವಿಷಯ ಆಗಿಬಿಡುತ್ತೆ.

"ಯಾರು ಒಡೆದಿದ್ದು?"

ಹಂಪಿಯಲ್ಲಿ ಮಕ್ಕಳು ಕೇಳೇ ಕೇಳುವ ಪ್ರಶ್ನೆ ಇದು. ಅಕ್ಕನ ಮಗಳು ನನ್ನ ಕೇಳಿದ್ದು ನರಸಿಂಹನ ಮುಂದೆ. "ಚಿಕ್ಕಮ್ಮ, ಇದನ್ನ ಯಾರು ಒಡೆದಿದ್ದು? ಯಾಕೆ?" ಎಂಟು ವರ್ಷದವಳು.

ಈ ಪ್ರಶ್ನೆಗೆ ನಾವು ಕೊಡುವ ಉತ್ತರ ಮಗುವಿನ ಮನಸ್ಸಲ್ಲಿ ಬಹಳ ವರ್ಷ ಕೂರುತ್ತೆ. ಸುಳ್ಳೂ ಹೇಳಬಾರದು, ದ್ವೇಷವನ್ನೂ ತುಂಬಬಾರದು. ನಾನು ಹೇಳಿದ್ದು ಇಷ್ಟು: 1565ರಲ್ಲಿ ದೊಡ್ಡ ಯುದ್ಧ ಆಯ್ತು. ದಖ್ಖನ್ನಿನ ಸುಲ್ತಾನರು ಒಟ್ಟಾಗಿ ಬಂದರು, ಅಳಿಯ ರಾಮರಾಯ ಸತ್ತುಹೋದ, ಗೆದ್ದ ಸೈನ್ಯ ಊರನ್ನ ಹಾಳುಮಾಡಿತು.

ಅಲ್ಲಿಗೇ ನಿಲ್ಲಿಸಿದರೆ ಮಗುವಿಗೆ ಹಂಪಿ ಅಂದರೆ ಒಡೆದುಹೋದ ಊರು ಅಷ್ಟೇ. ಅದಕ್ಕೆ ಮುಂಚಿನ ಇನ್ನೂರಕ್ಕೂ ಹೆಚ್ಚು ವರ್ಷ ಆ ಊರು ಬದುಕಿತ್ತಲ್ಲ? 1443ರಲ್ಲಿ ಬಂದ ಪರ್ಷಿಯಾದ ಅಬ್ದುಲ್ ರಜಾಕ್ ಇಲ್ಲಿನ ಜನರ ಗುಲಾಬಿ ಹುಚ್ಚು ನೋಡಿ ಬೆರಗಾಗಿದ್ದ. ಊಟದಷ್ಟೇ ಅವರಿಗೆ ಗುಲಾಬಿಯೂ ಬೇಕು ಅಂತ ಬರೆದಿಟ್ಟ. ಪೋರ್ಚುಗಲ್‌ನ ಪಾಯೆಸ್ ಊರನ್ನು ರೋಮ್‌ಗೆ ಹೋಲಿಸಿದ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇವತ್ತಿಗೂ ಅಲ್ಲಿದೆ. ಗಜಶಾಲೆಯ 11 ಕೋಣೆಗಳ ಮೇಲಿನ ಗುಮ್ಮಟಗಳನ್ನ ಮಗುವಿಗೆ ತೋರಿಸಿ, ಅವು ಯಾವ ಕಡೆಯ ಶೈಲಿ ಅಂತ ಕೇಳಿ.

ಮಕ್ಕಳಿಗೆ ಇತಿಹಾಸದ ಪುಸ್ತಕ ಆರಿಸುವಾಗ ನಾನು ನೋಡೋದು ಇದನ್ನೇ. ಯಾರು ಯಾರನ್ನ ಸೋಲಿಸಿದರು ಅನ್ನೋದಷ್ಟೇ ಇದ್ದರೆ ಕೆಳಗಿಡ್ತೀನಿ. ಜನ ಏನು ತಿಂದರು, ಸಂತೆಯಲ್ಲಿ ಏನು ಮಾರಿದರು, ನೀರು ಎಲ್ಲಿಂದ ತಂದರು ಅಂತ ಇದ್ದರೆ ಮನೆಗೆ ತರ್ತೀನಿ.

ನರಸಿಂಹನ ಹತ್ತಿರ ಇನ್ನೊಂದು ತೋರಿಸೋದಿದೆ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದಾಗ ಅವನ ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಈಗ ಅವಳಿಲ್ಲ, ಆದರೆ ಅವನ ಬೆನ್ನ ಮೇಲೆ ಅವಳ ಕೈ ಹಾಗೇ ಉಳಿದಿದೆ. ಅದನ್ನು ಕೇಳಿದ ಮೇಲೆ ನಮ್ಮ ಹುಡುಗಿ ಯಾರು ಒಡೆದರು ಅಂತ ಮತ್ತೆ ಕೇಳಲಿಲ್ಲ. "ಲಕ್ಷ್ಮಿ ಹೇಗಿದ್ದಳು?" ಅಂದಳು. ರೂಮಿಗೆ ಹೋದ ಮೇಲೆ ಚಿತ್ರ ಬರೆದಳು.

ಒಂದಿಷ್ಟು ಉಪಯೋಗದ ಮಾತು

ಮೊದಲ ದಿನ ಕಮಲಾಪುರದ ಮ್ಯೂಸಿಯಂನಿಂದ ಶುರುಮಾಡಿ. ಇಡೀ ಹಂಪಿಯ ಮಾದರಿ ಅಲ್ಲಿದೆ, ಮಗುವಿಗೆ ಊರಿನ ನಕ್ಷೆ ತಲೆಗೆ ಹೋಗುತ್ತೆ. ಶುಕ್ರವಾರ ರಜೆ, ನೆನಪಿರಲಿ. ದಿನಕ್ಕೆ ಎರಡೇ ಜಾಗ ಸಾಕು, ಬಿಸಿಲು ಏರುವ ಮೊದಲೊಂದು, ಇಳಿದ ಮೇಲೊಂದು.

ಕಲ್ಲಿನ ರಥದ ಮುಂದೆ 50 ರೂಪಾಯಿ ನೋಟು ಕೈಗೆ ಕೊಟ್ಟು ಎರಡನ್ನೂ ಹೋಲಿಸೋಕೆ ಹೇಳಿ. ಆಮೇಲೆ ಆನೆಗಳ ಹಿಂದೆ ಬಗ್ಗಿ ನೋಡಲಿ. ಕುದುರೆಯ ಬಾಲ, ಹಿಂಗಾಲು ಕಾಣುತ್ತೆ. ಮೊದಲು ಅಲ್ಲಿ ಇದ್ದದ್ದು ಕುದುರೆಗಳು, ಆನೆಗಳನ್ನ ಆಮೇಲೆ ತಂದಿಟ್ಟಿದ್ದು.

ವಾಪಸ್ ಬರುವಾಗ ರೈಲಿನಲ್ಲಿ ಅದೇ ಪುಸ್ತಕ ಮತ್ತೆ ತೆಗೀರಿ. ಈ ಸಲ ಓದೋದು ನೀವು, ನಡುನಡುವೆ ತಡೆದು "ಅಲ್ಲ, ಅದು ಹಾಗಿಲ್ಲ, ನಾನು ನೋಡಿದೀನಿ" ಅನ್ನೋದು ಮಗು.