ಒಲೆಯ ಮುಂದಿನ ಮಣೆ

ಐದು ತಿಂಗಳಿಂದ ಬಾರದೆ ಉಳಿದಿದ್ದ ಫೆಲೋಶಿಪ್ ಹಣ ಕಳೆದ ವರ್ಷ ಮಾರ್ಚ್‌ನಲ್ಲಿ ಒಂದೇ ಸಲ ಖಾತೆಗೆ ಬಂತು. ತಿಂಗಳಿಗೆ 37,000ದಂತೆ 1,85,000 ರೂಪಾಯಿ. ನನ್ನ ಹೆಸರಿನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಐದು ತಿಂಗಳೂ ನನ್ನ ಮೆಸ್ ಬಿಲ್ ಕಟ್ಟಿದ್ದು ಅಮ್ಮ, ಅಪ್ಪ ಹೋದ ಮೇಲೆ ಬರುವ ಕುಟುಂಬ ಪಿಂಚಣಿಯಲ್ಲಿ ಉಳಿಸಿ. ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಿದೆ: ಶಿವಮೊಗ್ಗದ ಮನೆಯಲ್ಲಿ ಅಮ್ಮನ ಅಡುಗೆಮನೆಯನ್ನು ಮಾಡ್ಯುಲರ್ ಕಿಚನ್ ಮಾಡಿಸಬೇಕು.

ನಮ್ಮ ಅಡುಗೆಮನೆ ಹತ್ತಡಿಗೆ ಎಂಟಡಿ. 1999ರಲ್ಲಿ ಮನೆ ಕಟ್ಟಿದಾಗ ಹಾಕಿಸಿದ ಕಡಪ ಕಲ್ಲಿನ ಕಟ್ಟೆ, ಕೆಳಗೆ ಗೆದ್ದಲು ತಿಂದ ಬಾಗಿಲುಗಳು, ಒಳಗೆ ಏನಿದೆ ಎಂದು ಅಮ್ಮನಿಗೆ ಮಾತ್ರ ಗೊತ್ತಿರುವ ಡಬ್ಬಿಗಳು. ನಾನು ಪಿಎಚ್‌ಡಿ ಮಾಡುತ್ತಿರುವುದು ಕನ್ನಡದ ಲೇಖಕಿಯರ ಸಣ್ಣಕತೆಗಳಲ್ಲಿ ಅಡುಗೆಮನೆಯ ಚಿತ್ರಣ ಕುರಿತು. ಮೂರನೆಯ ಅಧ್ಯಾಯಕ್ಕೆ ಹೆಸರೇ 'ಅಡುಗೆಮನೆಯೆಂಬ ಅವಕಾಶ'. ಹಾಗಾಗಿ ಈ ಕೆಲಸಕ್ಕೆ ನನ್ನಷ್ಟು ಅರ್ಹರು ಯಾರಿದ್ದಾರೆ ಎಂಬ ಜಂಬವೂ ಸ್ವಲ್ಪ ಇತ್ತು.

ಏಪ್ರಿಲ್‌ನಲ್ಲಿ ಮೂರು ಕಡೆಯಿಂದ ಕೊಟೇಶನ್ ತಂದೆ. ಮೊದಲನೆಯದು ದೊಡ್ಡ ಶೋರೂಮಿನದು. ಬಣ್ಣಬಣ್ಣದ ತ್ರೀಡಿ ಚಿತ್ರ, 3,60,000ದ ಮೇಲೆ ಗೀಟು ಎಳೆದು 2,70,000, 'ಈ ಭಾನುವಾರದವರೆಗೆ ಮಾತ್ರ'. ಎರಡನೆಯದು ಒಂದೇ ಸಾಲು: 'ಮಾಡ್ಯುಲರ್ ಕಿಚನ್, ಸಂಪೂರ್ಣ, 1,72,000'. ಮೂರನೆಯದು ಊರಾಚೆ ಸಣ್ಣ ವರ್ಕ್‌ಶಾಪ್ ಇಟ್ಟಿರುವ ಬಡಗಿಯೊಬ್ಬರದು. ಕೈಬರಹದಲ್ಲಿ ಎರಡು ಪುಟ, ಎಷ್ಟು ಕೀಲು, ಎಷ್ಟು ಸ್ಕ್ರೂ ಎನ್ನುವವರೆಗೆ. ಒಟ್ಟು 1,94,000.

ಪಠ್ಯವನ್ನು ಓದುವುದೇ ನನ್ನ ಕಸುಬು. ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದನ್ನು ಹುಡುಕು ಅಂತ ನಮ್ಮ ಗೈಡ್ ಯಾವಾಗಲೂ ಹೇಳುತ್ತಾರೆ. ಕೊಟೇಶನ್‌ಗಳನ್ನೂ ಹಾಗೇ ಓದಿದೆ. ಶೋರೂಮಿನವರು 'ಎಂಜಿನಿಯರ್ಡ್ ವುಡ್' ಎಂದು ಬರೆದಿದ್ದರು. ಕೆದಕಿ ಕೇಳಿದಾಗ ಅದು ಪಾರ್ಟಿಕಲ್ ಬೋರ್ಡ್ ಎಂದು ಗೊತ್ತಾಯಿತು. ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಸಿಂಕಿನ ಕೆಳಗೆ ಅಂಚಿನ ಪಟ್ಟಿ ಬಿಟ್ಟುಕೊಂಡು ನೀರು ಒಳಗಿಳಿದರೆ ಉಬ್ಬಿಬಿಡುತ್ತದೆ. 'ಸಂಪೂರ್ಣ' ಎಂದಿದ್ದವರ ಸಂಪೂರ್ಣದೊಳಗೆ ಶೇಕಡಾ 18 ಜಿಎಸ್‌ಟಿ ಇರಲಿಲ್ಲ, ಪಾತ್ರೆಯ ಬುಟ್ಟಿಗಳಿರಲಿಲ್ಲ, ಹಳೆಯ ಕಟ್ಟೆ ಒಡೆದು ಮಣ್ಣು ಸಾಗಿಸುವ ಕೂಲಿಯೂ ಇರಲಿಲ್ಲ. ಎಲ್ಲ ಕೂಡಿಸಿದರೆ ಎರಡೂಕಾಲು ಲಕ್ಷ ಮುಟ್ಟಿತು. ಒಬ್ಬರ ರೇಟು ಬಾಗಿಲುಗಳ ಚದರಡಿ ಲೆಕ್ಕದಲ್ಲಿ, ಇನ್ನೊಬ್ಬರದು ಗೋಡೆಗುಂಟ ರನ್ನಿಂಗ್ ಫೂಟ್ ಲೆಕ್ಕದಲ್ಲಿ. ಎಲ್ಲವನ್ನೂ ಒಂದೇ ಅಳತೆಗೆ ತರುವ ತನಕ ಯಾರದ್ದು ಅಗ್ಗ ಎಂದು ಹೇಳುವಂತೆಯೇ ಇರಲಿಲ್ಲ. ಕೈಬರಹದ ಎರಡು ಪುಟಗಳಲ್ಲಿ ಮಾತ್ರ ಎಲ್ಲವೂ ಇತ್ತು: ಸಿಂಕಿನ ಕಡೆ ಐಎಸ್ 710 ಗುರುತಿನ ಪ್ಲೈವುಡ್, ಉಳಿದೆಡೆ ಐಎಸ್ 303, ಮೇಲೆ ಒಂದು ಎಂಎಂ ಲ್ಯಾಮಿನೇಟ್, ಕಪ್ಪು ಗ್ರಾನೈಟ್ ಕಟ್ಟೆ, ತೆರಿಗೆ, ಕೂಲಿ.

ವರ್ಕ್‌ಶಾಪನ್ನೇ ಗೊತ್ತು ಮಾಡಿದೆ. ಆದರೆ ಕೂಡಲೇ ಹೂಂ ಅನ್ನಲಿಲ್ಲ, ಆಷಾಢದವರೆಗೆ ಕಾದೆ. ಆಷಾಢದಲ್ಲಿ ಗೃಹಪ್ರವೇಶಗಳಿರುವುದಿಲ್ಲ, ಮಳೆ ಬೇರೆ. ಬಡಗಿಗಳ ಕೈ ಖಾಲಿ ಇರುತ್ತದೆ. ರೇಟು ಇಳಿಸಿ ಎಂದು ಗೋಗರೆಯುವ ಬದಲು ಯಾವುದನ್ನು ಬಿಟ್ಟರೆ ಎಷ್ಟು ಇಳಿಯುತ್ತದೆ ಎಂದು ಒಂದೊಂದೇ ಸಾಲು ಹಿಡಿದು ಕೇಳಿದೆ. ಗಾಜಿನ ಬಾಗಿಲು ಬಿಟ್ಟೆ, ಎತ್ತರದ ಕಪಾಟು ಬಿಟ್ಟೆ. 1,78,000ಕ್ಕೆ ಇಳಿಯಿತು. ಕೊನೆಯ ಹತ್ತು ಪರ್ಸೆಂಟ್ ಹಣ ಕೆಲಸ ಮುಗಿದು ಒಂದು ವಾರ ಬಳಸಿ ನೋಡಿದ ಮೇಲೆ. ಜೊತೆಗೆ ಗೋಡೆಯುದ್ದಕ್ಕೂ ಸೂರಿಗೆ ತಾಗುವ ಲಾಫ್ಟ್ ಪುಕ್ಕಟೆ. ಆ ದಿನ ರಾತ್ರಿ ಗೆಳೆಯರಿಗೆಲ್ಲ ಫೋನ್ ಮಾಡಿ ನನ್ನ ಚೌಕಾಸಿಯ ಕತೆ ಹೇಳಿದೆ. ಅಮ್ಮನಿಗೂ ಹೇಳಿದೆ. "ಒಳ್ಳೇದಾಯ್ತು ಬಿಡು" ಅಂದಳು.

ಅಳತೆಗೆ ಯಜಮಾನರು ಬಂದದ್ದು ಒಂದು ಗುರುವಾರ. ನಾನು ತ್ರೀಡಿ ಚಿತ್ರದ ಪ್ರಿಂಟ್ ಹಿಡಿದು, ಮೂರು ಗೋಡೆಗೂ ಕ್ಯಾಬಿನೆಟ್, ಕಟ್ಟೆ ಮೂವತ್ತನಾಲ್ಕು ಇಂಚು ಎಂದು ಶುರು ಮಾಡಿದೆ. ಶೋರೂಮಿನ ಮಾದರಿ ಕಟ್ಟೆಯ ಮೇಲೆ ಕೈಯೂರಿ ನೋಡಿದಾಗ ಹಾಯಾಗಿತ್ತು. ನಾನು ಐದಡಿ ಒಂಬತ್ತಿಂಚು.

ಅವರು ಚಿತ್ರ ನೋಡಲಿಲ್ಲ. "ಅಡುಗೆ ಯಾರು ಮಾಡೋದು?" ಅಂತ ಕೇಳಿದರು.

"ಅಮ್ಮ."

"ಅಮ್ಮಾ, ಸ್ವಲ್ಪ ಇಲ್ಲಿ ಬಂದು ನಿಂತ್ಕೊಳಿ."

ಅಮ್ಮ ಬಂದವಳೇ ಒಲೆಯ ಮುಂದಿದ್ದ ಮಣೆಯ ಮೇಲೆ ಹತ್ತಿ ನಿಂತಳು. ಅವರು ನಕ್ಕು, "ಅಲ್ಲ ಅಮ್ಮಾ, ನೆಲದ ಮೇಲೆ" ಅಂದರು. ಇಳಿದಳು. ಟೇಪು ಹಿಡಿದು ನೆಲದಿಂದ ಅವಳ ಮೊಣಕೈಯವರೆಗೆ ಅಳೆದರು: ಮೂವತ್ತಾರು. "ಕಟ್ಟೆ ಮೊಣಕೈಗಿಂತ ನಾಲ್ಕೈದಿಂಚು ಕೆಳಗಿರಬೇಕು. ಇವರಿಗೆ ಮೂವತ್ತೊಂದು ಸಾಕು." ಆಮೇಲೆ ಹಳೆಯ ಕಟ್ಟೆ ಅಳೆದರು: ಮೂವತ್ತೈದು. ಕೊನೆಗೆ ಏನೋ ತೋಚಿದಂತೆ ಬಗ್ಗಿ ಮಣೆಯನ್ನೂ ಅಳೆದರು. ನಾಲ್ಕಿಂಚು.

ಮೂವತ್ತೈದರಲ್ಲಿ ನಾಲ್ಕು ಕಳೆದರೆ ಮೂವತ್ತೊಂದು. ಅಮ್ಮ ಇಷ್ಟು ವರ್ಷ ಆ ಲೆಕ್ಕದ ಮೇಲೆ ನಿಂತೇ ಅಡುಗೆ ಮಾಡಿದ್ದಾಳೆ. ನೀರು ಕುಡಿಯಲು ಹೋದಾಗಲೆಲ್ಲ ಆ ಮಣೆಗೆ ಕಾಲು ಎಡವಿ, ಇದನ್ನು ಇಲ್ಲಿ ಯಾಕಿಡ್ತೀಯ ಎಂದು ನಾನು ರೇಗಿದ್ದೇನೆ. ಅದಕ್ಕೆ ಅವಳು ಉತ್ತರ ಕೊಟ್ಟ ನೆನಪಿಲ್ಲ, ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದಳು ಅಷ್ಟೆ.

"ಕಟ್ಟೋವಾಗ ಯಾಕೆ ಹೇಳ್ಲಿಲ್ಲಮ್ಮ?" ಎಂದೆ.

"ನಿಮ್ಮಪ್ಪ ನಿಂತು ಅಳತೆ ಕೊಟ್ರು. ನನ್ನನ್ನ ಯಾರೂ ಕೇಳ್ಲಿಲ್ಲ ಮಾರಾಯ."

ದೂರಿದ ದನಿಯಲ್ಲ, ಇದ್ದದ್ದನ್ನು ಹೇಳಿದ ದನಿ. ಮೂರು ತಿಂಗಳು ಕೊಟೇಶನ್ ಓದಿದವನು ನಾನೂ ಕೇಳಿರಲಿಲ್ಲ.

ಜಗತ್ತಿನ ಮೊದಲ ಸಿದ್ಧ ಅಡುಗೆಮನೆಗಳಲ್ಲೊಂದು ಎನ್ನಬಹುದಾದ 'ಫ್ರಾಂಕ್‌ಫರ್ಟ್ ಕಿಚನ್' ಬಗ್ಗೆ ನನ್ನ ಪ್ರಬಂಧದಲ್ಲಿ ಒಂದು ಪ್ಯಾರಾ ಇದೆ. 1926ರಲ್ಲಿ ಅದನ್ನು ರೂಪಿಸಿದ್ದು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್‌ಕಿ. ಸುಮಾರು 1.9 ಮೀಟರಿಗೆ 3.4 ಮೀಟರ್ ಜಾಗ. ಅಂಥವು ಹತ್ತು ಸಾವಿರದಷ್ಟು ಆದವು. ಅದನ್ನು ರೂಪಿಸುವ ಮೊದಲು ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಆಕೆ ಮುಂದೆ ಒಪ್ಪಿಕೊಂಡಿದ್ದರು. ಆದರೂ ಹೆಂಗಸರು ಹೆಜ್ಜೆ ಹೆಜ್ಜೆಗೂ ಪಡುವ ಶ್ರಮವನ್ನು ಲೆಕ್ಕ ಹಾಕಿ, ಕಿಟಕಿಯ ಬಳಿಯ ಕೆಲಸಕ್ಕೆಂದು ಒಂದು ತಿರುಗುವ ಸ್ಟೂಲ್ ಇಟ್ಟಿದ್ದರು, ಕೂತು ಮಾಡಲೆಂದು. ಇದನ್ನೆಲ್ಲ ನಾನು ಬರೆದಿದ್ದೆ. ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಿರಲಿಲ್ಲ.

ಅವತ್ತು ಮೊದಲ ಸಲ ಕೇಳಿದೆ. ಅಮ್ಮ ಮೊದಮೊದಲು, "ನೀನು ಮಾಡ್ಸಿದ್ದು ಚೆನ್ನಾಗೇ ಇರುತ್ತೆ" ಅಂದಳು. ಯಜಮಾನರು ಟೇಪನ್ನು ಮಡಚಿಟ್ಟು ಸುಮ್ಮನೆ ಕಾದರು. ಆಮೇಲೆ ಒಂದೊಂದೇ ಹೊರಬಂತು. ಮೂರನೇ ಗೋಡೆ ಖಾಲಿ ಬೇಕು, ಕಾಯಿ ತುರಿಯುವುದು, ಸೊಪ್ಪು ಬಿಡಿಸುವುದು ಅಲ್ಲೇ ನೆಲದ ಮೇಲೆ ಕೂತು. ಸೂರಿಗೆ ತಾಗುವ ಲಾಫ್ಟ್ ತನಗೆ ಎಟುಕುವುದಿಲ್ಲ. ಕೆಳಗಿನ ಕಪಾಟಿನಲ್ಲಿ ಹಿಂದಿನ ಡಬ್ಬಿ ತೆಗೆಯಲು ಮಂಡಿಯೂರಬೇಕು, ಮಂಡಿ ನೋವು. ಅದಕ್ಕೆ ಬಾಗಿಲಿನ ಬದಲು ಎಳೆಯುವ ಡ್ರಾಯರ್ ಆಗುತ್ತದಾ?

ಆಗುತ್ತದೆ ಅಂದರು. ಅಲ್ಲೇ ಇಟ್ಟಿಗೆಬಣ್ಣದ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ಮೂರನೇ ಗೋಡೆಯ ಕ್ಯಾಬಿನೆಟ್ ಹೋದದ್ದಕ್ಕೆ 21,000 ಕಮ್ಮಿ. ಡ್ರಾಯರ್‌ಗಳಿಗೆ, ಅವುಗಳ ಚಾನೆಲ್‌ಗಳಿಗೆ 26,000 ಜಾಸ್ತಿ. ಕಟ್ಟೆ ತಗ್ಗಿಸಿದ್ದಕ್ಕೆ ಏನೂ ಇಲ್ಲ, ಎಲ್ಲವನ್ನೂ ಅಲ್ಲೇ ಕೊಯ್ದು ಮಾಡುವವರಿಗೆ ಅಳತೆ ಯಾವುದಾದರೇನು. ಲಾಫ್ಟ್ ಬಿಟ್ಟಿದ್ದಕ್ಕೂ ಏನೂ ಇಳಿಯಲಿಲ್ಲ, ಪುಕ್ಕಟೆ ಬಂದದ್ದಕ್ಕೆ ಬೆಲೆ ಎಲ್ಲಿರುತ್ತದೆ? ಒಟ್ಟು 1,83,000. ಆಷಾಢದವರೆಗೆ ಕಾದು ಇಳಿಸಿದ್ದರಲ್ಲಿ ಐದು ಸಾವಿರ ಒಂದು ಗಂಟೆಯಲ್ಲಿ ವಾಪಸ್ ಹೋಯಿತು. ನಾನು ಚೌಕಾಸಿ ಮಾಡಲಿಲ್ಲ.

ಶ್ರಾವಣ ಹುಟ್ಟುವ ಮೊದಲೇ ಕೆಲಸ ಮುಗಿಯಿತು. ಅಮ್ಮ ಹಾಲುಕ್ಕಿಸಿದಳು. ಮಣೆಯನ್ನು ತೊಳೆದು ಒಣಗಿಸಿ ಖಾಲಿ ಗೋಡೆಗೆ ಒರಗಿಸಿದ್ದಾಳೆ, ಸೊಪ್ಪು ಬಿಡಿಸುವಾಗ ಈಗ ಅದರ ಮೇಲೆ ಕೂರುತ್ತಾಳೆ. ನಾನು ಮೂರನೆಯ ಅಧ್ಯಾಯವನ್ನು ಮತ್ತೆ ತೆರೆದು ಕೂತಿದ್ದೇನೆ. 'ಅವಕಾಶ' ಎಂಬ ಪದ ಅದರಲ್ಲಿ ಬಹಳ ಸಲ ಇದೆ. ಆ ಕತೆಗಳ ಹೆಂಗಸರು ಎಲ್ಲಿ ನಿಂತಿದ್ದರು, ಎಲ್ಲಿ ಕೂತಿದ್ದರು ಎನ್ನುವುದು ಒಂದು ಕಡೆಯೂ ಇಲ್ಲ.

ಮೊದಲ ದಿನ ಬೆಳಿಗ್ಗೆ ಕಾಫಿಗೆಂದು ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಹೊಸ ಒಲೆಯ ಹತ್ತಿರ ಹೋಗಿ, ಹಾಲಿನ ಪಾತ್ರೆ ಇಡುವ ಮುನ್ನ ಬಲಗಾಲನ್ನು ಎತ್ತಿದಳು. ಕಾಲು ಗಾಳಿಯಲ್ಲಿ ಒಂದು ಕ್ಷಣ ಮಣೆಯನ್ನು ಹುಡುಕಿ, ಮೆಲ್ಲಗೆ ನೆಲಕ್ಕೆ ಇಳಿಯಿತು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು.

"ಅಭ್ಯಾಸ" ಅಂದಳು. "ಹೋಗಕ್ಕೆ ಸ್ವಲ್ಪ ದಿನ ಬೇಕಲ್ಲ."