ಗುಂಡುಸೂಜಿಯಲ್ಲಿ ನಿಂತ ಗೋಡೆ

ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಹೊಸ ಮನೆ ಈಗ ಮೊದಲು ಏಳುವುದು ಮೊಬೈಲಿನಲ್ಲಿ. ಶಾರ್ಜಾದಲ್ಲೋ ದಮ್ಮಾಮಿನಲ್ಲೋ ಇರುವ ಮಗ ತ್ರೀಡಿ ಚಿತ್ರ ಕಳುಹಿಸುತ್ತಾನೆ, ಮನೆಮಂದಿ 'ಮಾಶಾ ಅಲ್ಲಾಹ್' ಎನ್ನುತ್ತಾರೆ, ಮರುವಾರ ಕೆಂಪುಕಲ್ಲಿನ ಲೋಡು ಬಂದು ಬೀಳುತ್ತದೆ. ಆ ಚಿತ್ರದಲ್ಲಿ ಸಿಟೌಟ್ ಚೆಂದ ಕಾಣುತ್ತದೆ, ಹಿಂದಿನ ಅಡುಗೆಕೋಣೆ ಕಾಣುವುದೇ ಇಲ್ಲ. ನಕ್ಷೆಯ ಗೆರೆ ಓದಲು ಎಲ್ಲರಿಗೂ ಬರುವುದಿಲ್ಲ. ರಟ್ಟಿನಲ್ಲಿ ಮಾಡಿದ ಮನೆಯನ್ನಾದರೆ ಯಾರು ಬೇಕಾದರೂ ಓದುತ್ತಾರೆ. ನಾನು ಇಂದಿಗೂ ಕೈಯಲ್ಲೇ ಮಾದರಿ ಮಾಡುವುದು ಅದಕ್ಕೆ. ಮಕ್ಕಳು ಆರ್ಕಿಟೆಕ್ಚರ್ ಕಾಲೇಜಿಗೆ ಸೇರಿದ ಕೆಲವು ಮನೆಯವರು, ಏನೇನು ಸಾಮಾನು ತೆಗೆದುಕೊಡಬೇಕು ಎಂದು ಕೇಳಿದ್ದರು. ಉದ್ದ ಪಟ್ಟಿ ಹಿಡಿದು ಅಂಗಡಿಗೆ ಹೋಗಬೇಡಿ. ಸಾಮಾನು ಕಡಿಮೆ ಸಾಕು, ಅಲಗು ಮಾತ್ರ ಹೆಚ್ಚು ಬೇಕು.

ಒಂದೊಂದೇ ತುಂಡು ಮುರಿಯುತ್ತ ಹೋಗುವ ಕಟ್ಟರ್ ಎಲ್ಲರಿಗೂ ಗೊತ್ತು. ಅದನ್ನು 1956ರಲ್ಲಿ ಕಂಡುಹಿಡಿದವರು ಜಪಾನಿನ ಯೋಶಿಯೋ ಒಕಾಡ. ಗೆರೆ ಗೆರೆಯಾಗಿ ಮುರಿಯುವ ಚಾಕ್ಲೇಟಿನಿಂದ ಅವರಿಗೆ ಆ ಯೋಚನೆ ಬಂತಂತೆ. ಮುರಿಯಲೆಂದೇ ಮಾಡಿದ ಅಲಗನ್ನು ನಮ್ಮವರು ಮುರಿಯುವುದಿಲ್ಲ, ಉಳಿತಾಯ ಮಾಡುತ್ತಾರೆ! ಮೊಂಡಾದ ಅಲಗು ರಟ್ಟನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಜೋರು ಒತ್ತಿದರೆ ಜಾರಿ ಬೆರಳಿಗೆ ಬರುತ್ತದೆ. ಕಿಟಕಿ, ಬಾಗಿಲಿನ ಸಣ್ಣ ಮೂಲೆಗಳಿಗೆ ಮೆಡಿಕಲ್ ಅಂಗಡಿಗೆ ಹೋಗಿ, ಆಪರೇಷನ್ ಚಾಕುವಿನ 3ನೇ ನಂಬರಿನ ಹಿಡಿ, 11ನೇ ನಂಬರಿನ ಅಲಗು ಕೇಳಿ. ತುದಿ ಸೂಜಿಯ ಹಾಗಿರುತ್ತದೆ. ಕೆಲಸ ಮುಗಿದ ಮೇಲೆ ಹಳೆಯ ಅಲಗುಗಳನ್ನು ಮುಚ್ಚಳವಿರುವ ಡಬ್ಬದಲ್ಲಿ ಹಾಕಿ. ಮನೆಯಲ್ಲಿ ಸಣ್ಣ ಮಕ್ಕಳು ಇರುತ್ತಾರೆ.

ಸ್ಕೇಲು ಉಕ್ಕಿನದೇ ಆಗಬೇಕು. ಪ್ಲಾಸ್ಟಿಕ್ ಸ್ಕೇಲನ್ನು ಕಟ್ಟರ್ ಎರಡು ದಿನದಲ್ಲಿ ತಿಂದುಬಿಡುತ್ತದೆ, ಆಮೇಲೆ ಎಲ್ಲ ಗೋಡೆಯೂ ಸೊಟ್ಟ. ಅಡಿಗೆ ಹಾಸಲು ಹಸಿರು ಕಟಿಂಗ್ ಮ್ಯಾಟ್ ಒಂದು, ಗೋಡೆ ನೆಟ್ಟಗಿದೆಯೇ ನೋಡಲು ಬಡಗಿಯ ಸಣ್ಣ ಮೂಲೆಮಟ್ಟ ಒಂದು. ಮರದ ತುಂಡಿಗೆ ಮರಳುಕಾಗದ ಅಂಟಿಸಿಕೊಂಡರೆ ಅಂಚು ತಿಕ್ಕಲು ಬೇರೇನೂ ಬೇಡ.

ಫೋಮ್ ಬೋರ್ಡನ್ನು ಒಂದೇ ಏಟಿಗೆ ಕತ್ತರಿಸಲು ಹೋಗಬಾರದು. ಮೊದಲ ಸಲ ಮೇಲಿನ ಕಾಗದ, ಎರಡನೇ ಸಲ ನಡುವಿನ ಫೋಮ್, ಮೂರನೇ ಸಲ ಕೆಳಗಿನ ಕಾಗದ. ಎರಡು ಗೋಡೆ ಸೇರುವ ಮೂಲೆಯಲ್ಲಿ ಒಂದರ ಫೋಮನ್ನು ಗೋಡೆಯ ದಪ್ಪದಷ್ಟು ಕೆರೆದು ತೆಗೆದು ಹೊರಗಿನ ಕಾಗದ ಮಾತ್ರ ಉಳಿಸಿದರೆ, ಅದು ಇನ್ನೊಂದು ಗೋಡೆಯ ಅಂಚನ್ನು ಮುಚ್ಚುತ್ತದೆ. ಅಂಟಿಗೆ ಫೆವಿಕಾಲ್ ಸಾಕು, ತೆಳ್ಳಗೆ. ಚಪ್ಪಲಿಗೆ ಹಾಕುವ ರಬ್ಬರ್ ಅಂಟು ತಾಗಿದರೆ ಥರ್ಮಾಕೋಲ್ ಕರಗಿ ಹೋಗುತ್ತದೆ. ಹಂಚಿನ ಮಾಡು ಬೇಕಿದ್ದರೆ ಪಿಜ್ಜಾ ಡಬ್ಬದಂಥ ತೆಳು ರಟ್ಟಿನ ಒಂದು ಬದಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಸುಲಿಯಿರಿ, ಒಳಗಿನ ಅಲೆ ಅಲೆ ಕಾಣುತ್ತದೆ. ಬಣ್ಣ ಬಳಿದರೆ ಮಂಗಳೂರು ಹಂಚು.

ಅಳತೆಗೆ ನಾನು ಹಿಡಿಯುವುದು 1:50. ಒಂದು ಮೀಟರ್ ಅಂದರೆ ರಟ್ಟಿನಲ್ಲಿ ಎರಡು ಸೆಂಟಿಮೀಟರ್, ಏಳಡಿ ಬಾಗಿಲು ಸುಮಾರು 4.3. ನೂರಕ್ಕೆ ಒಂದರಲ್ಲಿ ಮಾಡಿದರೆ ಮನೆ ಬೆಂಕಿಪೊಟ್ಟಣದ ಹಾಗೆ ಕಾಣುತ್ತದೆ, ಒಳಗೆ ಬೆರಳು ಹೋಗುವುದಿಲ್ಲ. ಬೆರಳು ಹೋಗಬೇಕು.

ಇನ್ನು ಗುಂಡುಸೂಜಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಹತಾರು ಅದೇ, ಕಾಲೇಜಿನವರು ಏನೇ ಹೇಳಲಿ. ಮೊದಲ ಮಾದರಿಗೆ ಒಳಗೋಡೆಗಳನ್ನು ಅಂಟಿಸುವುದಿಲ್ಲ, ಸೂಜಿ ಚುಚ್ಚಿ ನಿಲ್ಲಿಸುತ್ತೇನೆ. ಅಂಟಿಸಿದ ಗೋಡೆಯನ್ನು ಕಂಡರೆ ಜನ ಮಾತಾಡುವುದಿಲ್ಲ, ಆಗಿಹೋಗಿದೆ ಎಂದುಕೊಳ್ಳುತ್ತಾರೆ. ಸೂಜಿಯ ಗೋಡೆಯನ್ನು ಅವರೇ ಕಿತ್ತು ಬೇರೆ ಕಡೆ ಇಡುತ್ತಾರೆ.

ಹೋದ ವರ್ಷ ಉಪ್ಪಳದ ಹತ್ತಿರದ ಒಂದು ಮನೆಗೆ ಮಾದರಿ ಒಯ್ದಿದ್ದೆ. ಮಾಡು ಎತ್ತಿ ಪಕ್ಕಕ್ಕಿಟ್ಟೆ. ಸೊಸೆ ಅಡುಗೆಕೋಣೆ ನೋಡಿ, ವರ್ಕ್ ಏರಿಯಾ ಇಷ್ಟೇ ಆದರೆ ರಂಝಾನಿನಲ್ಲಿ ಪತ್ತಿರ್ ಮಾಡಲು ನಾಲ್ಕು ಜನ ಎಲ್ಲಿ ಕೂರುವುದು ಎಂದರು. ಅದು ನಾನು ನಿರೀಕ್ಷಿಸಿದ್ದ ಪ್ರಶ್ನೆಯೇ. ಮನೆಯ ಹಿರಿಯ ಉಮ್ಮ ಮಾತ್ರ ತುಂಬ ಹೊತ್ತು ಸುಮ್ಮನಿದ್ದರು. ಹಿಂದಿನ ಮೂಲೆಯಲ್ಲಿ ಅವರಿಗೆಂದು ಇಟ್ಟ ಕೋಣೆಯಲ್ಲಿ ಬೆರಳಿಟ್ಟು, ಓಣಿಯಲ್ಲಿ ಮೆಲ್ಲ ನಡೆಸಿ, ತಿರುವಿನಲ್ಲಿ ನಿಲ್ಲಿಸಿದರು. "ಮೋನೇ, ನನ್ನ ಮಯ್ಯಿತ್ ಇಲ್ಲಿಂದ ಹೇಗೆ ಹೊರಗೆ ತರುವುದು?"

ಯಾರೂ ಉತ್ತರ ಕೊಡಲಿಲ್ಲ. ಸೊಸೆ "ಹಾಗೆಲ್ಲ ಹೇಳಬೇಡಿ ಉಮ್ಮ" ಎಂದರು. ಉಮ್ಮ ಬೇಸರದಿಂದ ಕೇಳಿದ್ದಲ್ಲ, ಅಡುಗೆಗೆ ಎಷ್ಟು ಅಕ್ಕಿ ಎಂದು ಕೇಳುವ ಹಾಗೆ ಕೇಳಿದ್ದರು. ನಾನು ರಟ್ಟಿನ ಒಂದು ತುಂಡು ಕತ್ತರಿಸಿದೆ, 4 ಸೆಂಟಿಮೀಟರ್ ಉದ್ದ, 1.2 ಅಗಲ. ಎರಡು ಮೀಟರಿನ ಮಯ್ಯಿತ್ ಮಂಚ ಈ ಅಳತೆಯಲ್ಲಿ ಅಷ್ಟೇ ಆಗುತ್ತದೆ. ಓಣಿ ಮೂರಡಿಯದು. ತುಂಡು ತಿರುವಿನಲ್ಲಿ ಸಿಕ್ಕಿಬಿತ್ತು, ಹೇಗೆ ತಿರುಗಿಸಿದರೂ ಹೋಗಲಿಲ್ಲ. ಮಂಚವನ್ನು ಓರೆ ಮಾಡಿ, ಎತ್ತಿ ಇಳಿಸಿ ತರಬೇಕಾಗುತ್ತಿತ್ತು. ಸೂಜಿ ಕಿತ್ತು ಓಣಿಯನ್ನು ನಾಲ್ಕಡಿ ಮಾಡಿದೆ. ತುಂಡು ಗೋಡೆಗೆ ತಾಗದೆ ತಿರುಗಿ ಹಾಲಿಗೆ ಬಂತು. ಉಮ್ಮ ಅದನ್ನು ತಾವೇ ಒಮ್ಮೆ ನೂಕಿ ನೋಡಿದರು. ಗಾಲಿಕುರ್ಚಿಯೂ ಈಗ ಸಲೀಸಾಗಿ ತಿರುಗುತ್ತದೆ ಎಂದು ನಾನು ಹೇಳಿದೆ. ಅವರು ಅದಕ್ಕೂ ತಲೆಯಾಡಿಸಿದರು.

ಅಡಿಪಾಯಕ್ಕೆ ಇನ್ನೂ ಅಗೆದಿರಲಿಲ್ಲ, ಹಾಗಾಗಿ ಖರ್ಚೇನೂ ಬರಲಿಲ್ಲ. ಪುದಿಯಾಪ್ಲನಿಗೆಂದು ಇಟ್ಟಿದ್ದ ಕೋಣೆಯಿಂದ ಒಂದಡಿ ಹೋಯಿತು. ಅಲ್ಲಿಯ ಕಪಾಟು ಎಲ್ಲಿಡುವುದೆಂದು ಶಾರ್ಜಾದಿಂದ ಇನ್ನೂ ಫೋನು ಬರುತ್ತಲೇ ಇದೆ.